ಪಿಂಗ್ ಹೋಗುತ್ತದೆ, ಉತ್ತರ ಬರುವುದಿಲ್ಲ: ಮೂರು ರೂಟರ್‌ಗಳ ನಡುವೆ ಸ್ಟ್ಯಾಟಿಕ್ ರೂಟಿಂಗ್ ಹಂತ ಹಂತವಾಗಿ

ಪ್ಯಾಕೆಟ್‌ಗಳಿಗೆ, ಅಂದರೆ ಡೇಟಾದ ತುಣುಕುಗಳಿಗೆ, ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾರಿ ತೋರುವುದೇ ರೂಟಿಂಗ್; ಆ ದಾರಿಗಳನ್ನು ಕೈಯಿಂದಲೇ ಬರೆದಿಟ್ಟರೆ ಸ್ಟ್ಯಾಟಿಕ್ ರೂಟಿಂಗ್. ರೂಟಿಂಗ್ ಕೈಕೊಟ್ಟಾಗ ಹೆಚ್ಚಿನವರು ಪ್ಯಾಕೆಟ್ ಹೊರಟ ಕಡೆಯ ರೂಟರನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. ಎಷ್ಟೋ ಸಲ ಪ್ಯಾಕೆಟ್ ಆ ತುದಿಗೆ ಸರಿಯಾಗಿಯೇ ತಲುಪಿರುತ್ತದೆ, ಉತ್ತರಕ್ಕೆ ವಾಪಸು ಬರುವ ದಾರಿ ಮಾತ್ರ ಯಾರೂ ಹಾಕಿರುವುದಿಲ್ಲ. ರೂಟರ್‌ಗೆ ‘ಈ ಪ್ಯಾಕೆಟ್ ಯಾವ ದಾರಿಯಲ್ಲಿ ಬಂತು’ ಎಂಬ ನೆನಪು ಇರುವುದಿಲ್ಲ. ಉತ್ತರವೂ ಅದರ ಪಾಲಿಗೆ ಒಂದು ಹೊಸ ಪ್ಯಾಕೆಟ್, ರೂಟಿಂಗ್ ಟೇಬಲ್‌ನಲ್ಲಿ (ಯಾವ ನೆಟ್‌ವರ್ಕ್‌ಗೆ ಯಾವ ದಾರಿ ಎಂಬ ಪಟ್ಟಿ) ಅದಕ್ಕೂ ಒಂದು ಸಾಲು ಇರಲೇಬೇಕು. ಈ ಮಾರ್ಗದರ್ಶಿಯ ಹಂತಗಳ ಕ್ರಮ ಇದನ್ನೇ ಆಧರಿಸಿದೆ. ಕ್ರಮ ತಪ್ಪಿಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ.

ಶುರುಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಒಂದು ಹಾಳೆ, ಪೆನ್ನು. ಪ್ರತಿ ರೂಟರ್‌ಗೂ ಅಡ್ಮಿನ್ ಪ್ರವೇಶ. ಪ್ರತಿ ಲ್ಯಾನ್‌ನಲ್ಲಿ (ರೂಟರ್‌ನ ಸ್ಥಳೀಯ ನೆಟ್‌ವರ್ಕ್) ಪರೀಕ್ಷೆಗೆ ಒಂದೊಂದು ಕಂಪ್ಯೂಟರ್. ಒಂದು ವಿಳಾಸ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್, ದಾರಿಯ ರೂಟರ್‌ಗಳನ್ನು ತೋರಿಸುವ ಟ್ರೇಸ್‌ರೂಟ್ (ವಿಂಡೋಸ್‌ನಲ್ಲಿ ಟ್ರೇಸರ್ಟ್), ಮತ್ತು ಓಡಾಡುವ ಪ್ಯಾಕೆಟ್‌ಗಳನ್ನೇ ತೋರಿಸುವ ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್ ಒಂದು ಕಡೆಯಾದರೂ.

ಸಾಧ್ಯವಿದ್ದರೆ ಕನ್ಸೋಲ್ ಕೇಬಲ್ (ರೂಟರ್‌ಗೆ ನೇರವಾಗಿ ಜೋಡಿಸುವ ತಂತಿ) ಹಾಕಿಕೊಂಡೇ ಕೆಲಸ ಮಾಡಿ. ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್) ಮೂಲಕ ಕೂತು, ಆ ಎಸ್‌ಎಸ್‌ಎಚ್ ಓಡುತ್ತಿರುವ ದಾರಿಯ ರೂಟನ್ನೇ ಅಳಿಸುವುದೆಂದರೆ ಕೂತ ಕೊಂಬೆಯನ್ನೇ ಕಡಿದಂತೆ. ಕನ್ಸೋಲ್ ಇಲ್ಲದಿದ್ದರೆ ಸಿಸ್ಕೋದಲ್ಲಿ ಮೊದಲು ‘ರಿಲೋಡ್ ಇನ್ 10’ ಕೊಟ್ಟುಬಿಡಿ. ಸಂಪರ್ಕ ತಪ್ಪಿದರೆ 10 ನಿಮಿಷದಲ್ಲಿ ರೂಟರ್ ತಾನೇ ರೀಬೂಟ್ ಆಗಿ, ಸೇವ್ ಆಗಿದ್ದ ಹಳೆಯ ಕಾನ್ಫಿಗರೇಶನ್‌ಗೆ ಮರಳುತ್ತದೆ. ಕೆಲಸ ಸರಿಯಾದರೆ ‘ರಿಲೋಡ್ ಕ್ಯಾನ್ಸಲ್’ ಕೊಡಲು ಮರೆಯಬೇಡಿ, ಮರೆತರೆ ಚೆನ್ನಾಗಿ ಓಡುತ್ತಿರುವ ರೂಟರ್ ಹತ್ತನೇ ನಿಮಿಷಕ್ಕೆ ಬಿದ್ದುಹೋಗುತ್ತದೆ.

ಹಂತ 1: ಮೊದಲು ಹಾಳೆ, ಆಮೇಲೆ ಕೀಬೋರ್ಡ್

ಈ ಬರಹದುದ್ದಕ್ಕೂ ಒಂದೇ ಉದಾಹರಣೆ. ಮೂರು ರೂಟರ್‌ಗಳು ಒಂದೇ ಸಾಲಿನಲ್ಲಿವೆ, ರೂಟರ್-ಬಿ ನಡುವೆ. (/24, /30 ಎಂದರೇನು ಎಂಬುದು ಹಂತ 2ರಲ್ಲಿದೆ.)

- ರೂಟರ್-ಎ ಲ್ಯಾನ್: 192.168.10.0/24, ರೂಟರ್ ವಿಳಾಸ 192.168.10.1
- ರೂಟರ್-ಬಿ ಲ್ಯಾನ್: 192.168.20.0/24, ರೂಟರ್ ವಿಳಾಸ 192.168.20.1
- ರೂಟರ್-ಸಿ ಲ್ಯಾನ್: 192.168.30.0/24, ರೂಟರ್ ವಿಳಾಸ 192.168.30.1
- ಎ–ಬಿ ಲಿಂಕ್: 10.0.0.0/30. ಎ ಕಡೆ 10.0.0.1, ಬಿ ಕಡೆ 10.0.0.2
- ಬಿ–ಸಿ ಲಿಂಕ್: 10.0.0.4/30. ಬಿ ಕಡೆ 10.0.0.5, ಸಿ ಕಡೆ 10.0.0.6

ಪರೀಕ್ಷೆಗೆ ಎ ಲ್ಯಾನ್‌ನಲ್ಲಿ 192.168.10.50, ಸಿ ಲ್ಯಾನ್‌ನಲ್ಲಿ 192.168.30.50 ಎಂಬ ಕಂಪ್ಯೂಟರ್‌ಗಳಿವೆ ಎಂದುಕೊಳ್ಳಿ.

ಈಗ ಒಂದು ಸಣ್ಣ ಲೆಕ್ಕ. ನೆಟ್‌ವರ್ಕ್ 5, ರೂಟರ್ 3. ಪ್ರತಿ ರೂಟರ್‌ಗೂ ಐದೂ ನೆಟ್‌ವರ್ಕ್ ಗೊತ್ತಿರಬೇಕಾದರೆ ಒಟ್ಟು 15 ಸಾಲು ಬೇಕು. ತನಗೆ ನೇರವಾಗಿ ಅಂಟಿಕೊಂಡ ನೆಟ್‌ವರ್ಕ್ ರೂಟರ್‌ಗೆ ಹೇಳದೆಯೇ ಗೊತ್ತು: ಎಗೆ 2, ಬಿಗೆ 3, ಸಿಗೆ 2, ಒಟ್ಟು 7. ಉಳಿದ 8 ಸಾಲು ನೀವು ಕೈಯಿಂದ ಹಾಕಬೇಕಾದವು. ಕೆಲಸ ಮುಗಿದಾಗ ಎಂಟು ಇಲ್ಲದಿದ್ದರೆ ಎಲ್ಲೋ ಒಂದು ಬಿಟ್ಟುಹೋಗಿದೆ. ಇಷ್ಟು ಲೆಕ್ಕ ಮೊದಲೇ ಮಾಡಿಟ್ಟುಕೊಂಡವರು ಆಮೇಲೆ ಗಂಟೆಗಟ್ಟಲೆ ಪಿಂಗ್ ಮಾಡುತ್ತಾ ಕೂರುವುದಿಲ್ಲ.

ಹಂತ 2: ವಿಳಾಸ ಮತ್ತು ಮಾಸ್ಕ್

ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನ ಗುರುತು ಎಂದು ಹೇಳುವುದೇ ಮಾಸ್ಕ್. /30 ಎಂದರೆ ಮಾಸ್ಕ್ 255.255.255.252. ಅದರಲ್ಲಿ 4 ವಿಳಾಸ, ಬಳಸಲು ಸಿಗುವುದು 2. ಎರಡು ರೂಟರ್‌ಗಳ ನಡುವಿನ ತಂತಿಗೆ ಅಷ್ಟೇ ಸಾಕು. /24 ಎಂದರೆ 255.255.255.0, ಇದರಲ್ಲಿ 256 ವಿಳಾಸ, ಬಳಸಲು 254.

ಮಾಸ್ಕ್ ತಪ್ಪಿದಾಗ ಆಗುವ ತೊಂದರೆ ವಿಚಿತ್ರವಾಗಿ ಕಾಣುತ್ತದೆ. ಕಂಪ್ಯೂಟರ್ 192.168.10.50ಗೆ ಯಾರೋ 255.255.0.0 ಮಾಸ್ಕ್ ಕೊಟ್ಟಿದ್ದಾರೆ ಎನ್ನಿ. ಆಗ ಅದು 192.168.30.50 ಕೂಡ ತನ್ನದೇ ಲ್ಯಾನ್‌ನಲ್ಲಿದೆ ಎಂದು ನಂಬುತ್ತದೆ. ಗೇಟ್‌ವೇಗೆ (ಲ್ಯಾನ್‌ನಿಂದ ಹೊರಗೆ ಕಳಿಸುವ ರೂಟರ್) ಕೊಡುವ ಬದಲು ‘30.50 ಯಾರು?’ ಎಂದು ಎಆರ್‌ಪಿಯಲ್ಲಿ (ಐಪಿ ವಿಳಾಸಕ್ಕೆ ತಕ್ಕ ಮ್ಯಾಕ್, ಅಂದರೆ ನೆಟ್‌ವರ್ಕ್ ಕಾರ್ಡ್‌ನ ವಿಳಾಸ ಕೇಳುವ ಪದ್ಧತಿ) ಲ್ಯಾನ್‌ನೊಳಗೇ ಕೂಗುತ್ತದೆ, ಸಾಮಾನ್ಯವಾಗಿ ಯಾರೂ ಓಗೊಡುವುದಿಲ್ಲ. ಇಂಟರ್ನೆಟ್ ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ, ಹಾಗಾಗಿ ‘ಕಂಪ್ಯೂಟರ್ ಸರಿಯಿದೆ, ರೂಟರ್‌ದೇ ತಪ್ಪು’ ಎಂಬ ತೀರ್ಮಾನಕ್ಕೆ ಎಲ್ಲರೂ ಬರುತ್ತಾರೆ.

ಇನ್ನೊಂದು ಎಚ್ಚರ: ಎರಡು ತುದಿಯ ಲ್ಯಾನ್‌ಗಳಿಗೂ ಒಂದೇ ನೆಟ್‌ವರ್ಕ್ ಇರಕೂಡದು. ಎರಡೂ ಕಡೆ 192.168.1.0/24 ಇದ್ದರೆ ಯಾವ ರೂಟ್ ಹಾಕಿದರೂ ಪ್ರಯೋಜನವಿಲ್ಲ. ಒಂದು ಕಡೆಯ ವಿಳಾಸಗಳನ್ನು ಬದಲಿಸಿಯೇ ಮುಂದಕ್ಕೆ ಹೋಗಿ.

ಹಂತ 3: ಫಾರ್ವರ್ಡಿಂಗ್ ಆನ್ ಇದೆಯೇ?

ಒಂದು ಕಡೆಯಿಂದ ಬಂದ ಪ್ಯಾಕೆಟನ್ನು ಇನ್ನೊಂದು ಕಡೆಗೆ ದಾಟಿಸುವುದೇ ಫಾರ್ವರ್ಡಿಂಗ್. ಸಿಸ್ಕೋ, ಮಿಕ್ರೋಟಿಕ್‌ನಂಥ ರೂಟರ್‌ಗಳಲ್ಲಿ ಇದು ಮೊದಲೇ ಆನ್. ಲಿನಕ್ಸ್ ಯಂತ್ರವನ್ನು ರೂಟರ್ ಮಾಡುತ್ತಿದ್ದರೆ ಸಾಮಾನ್ಯವಾಗಿ ಆಫ್ ಇರುತ್ತದೆ. ಸಿಸ್‌ಸಿಟಿಎಲ್‌ನಲ್ಲಿ (ಲಿನಕ್ಸ್ ಕರ್ನಲ್ ಸೆಟ್ಟಿಂಗ್‌ಗಳ ಕಮಾಂಡ್) ‘ನೆಟ್ ಡಾಟ್ ಐಪಿವಿ4 ಡಾಟ್ ಐಪಿ ಅಂಡರ್‌ಸ್ಕೋರ್ ಫಾರ್ವರ್ಡ್’ ಬೆಲೆ 1 ಇರಬೇಕು. 0 ಇದ್ದರೆ ಆ ಯಂತ್ರ ತನಗೆ ಬಂದ ಪಿಂಗ್‌ಗೆಲ್ಲ ಉತ್ತರಿಸುತ್ತದೆ, ತನ್ನ ಮೂಲಕ ದಾಟಬೇಕಾದದ್ದನ್ನು ಮಾತ್ರ ಸದ್ದಿಲ್ಲದೆ ಎಸೆಯುತ್ತದೆ.

ಬೆಲೆ 1 ಇದ್ದೂ ದಾಟದಿದ್ದರೆ ಫೈರ್‌ವಾಲ್‌ನ ಫಾರ್ವರ್ಡ್ ಚೈನ್ (ದಾಟಿಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ನೋಡಿ. ಡಾಕರ್ (ಕಂಟೇನರ್ ಸಾಫ್ಟ್‌ವೇರ್) ಹಾಕಿರುವ ಯಂತ್ರಗಳಲ್ಲಿ ಆ ಚೈನ್‌ನ ಪಾಲಿಸಿಯನ್ನು ಡಾಕರೇ ‘ಡ್ರಾಪ್’ ಮಾಡಿಟ್ಟಿರುವುದುಂಟು. ರೂಟಿಂಗ್ ಟೇಬಲ್‌ನಲ್ಲಿ ಇದರ ಸುಳಿವೇ ಸಿಗುವುದಿಲ್ಲ.

ಮನೆಬಳಕೆಯ ವೈಫೈ ರೂಟರ್ ಬಳಸುತ್ತಿದ್ದರೆ ವ್ಯಾನ್ ಪೋರ್ಟ್‌ನಲ್ಲಿ (ಹೊರಗಿನ ನೆಟ್‌ವರ್ಕ್ ಸೇರುವ ಕಡೆ) ನ್ಯಾಟ್, ಅಂದರೆ ಒಳಗಿನ ಐಪಿ ವಿಳಾಸವನ್ನು ಬದಲಿಸಿ ಕಳಿಸುವ ವ್ಯವಸ್ಥೆ, ಆನ್ ಇರುತ್ತದೆ. ಅದನ್ನು ಆಫ್ ಮಾಡಿ. ಆಫ್ ಮಾಡುವ ಆಯ್ಕೆಯೇ ಇಲ್ಲದ ಮಾದರಿಯಾದರೆ ಈ ಕೆಲಸಕ್ಕೆ ಅದು ಹೊಂದುವುದಿಲ್ಲ.

ಹಂತ 4: ಪಕ್ಕದವರ ಜತೆ ಮಾತು

ಒಂದೇ ಒಂದು ಸ್ಟ್ಯಾಟಿಕ್ ರೂಟ್ ಹಾಕುವ ಮೊದಲು ಪ್ರತಿ ರೂಟರ್‌ನಿಂದ ಅದರ ಪಕ್ಕದ ರೂಟರ್‌ಗೆ ಪಿಂಗ್ ಮಾಡಿ. ಎಯಿಂದ 10.0.0.2. ಬಿಯಿಂದ 10.0.0.1 ಮತ್ತು 10.0.0.6. ಸಿಯಿಂದ 10.0.0.5. ಸಿಸ್ಕೋದಲ್ಲಿ ಮೊದಲ ಪಿಂಗ್‌ಗೆ ಒಂದು ಚುಕ್ಕಿ, ನಾಲ್ಕು ಆಶ್ಚರ್ಯಸೂಚಕ ಚಿಹ್ನೆ ಬಂದರೆ ಗಾಬರಿ ಬೇಡ. ಎಆರ್‌ಪಿ ವಿಳಾಸ ಹುಡುಕುವಷ್ಟರಲ್ಲಿ ಮೊದಲ ಪ್ಯಾಕೆಟ್ ಕಳೆದುಹೋಗಿರುತ್ತದೆ. ಎರಡನೇ ಸಲ ಐದಕ್ಕೆ ಐದೂ ಬರಬೇಕು.

ಇದು ಆಗದಿದ್ದರೆ ಮುಂದೆ ಹೋಗಬೇಡಿ. ಕೇಬಲ್, ವಿಎಲ್ಯಾನ್ (ಸ್ವಿಚ್‌ನೊಳಗಿನ ಲ್ಯಾನ್ ವಿಭಜನೆ), ಡೌನ್ ಆಗಿರುವ ಇಂಟರ್‌ಫೇಸ್ – ತಪ್ಪು ಇವುಗಳಲ್ಲೇ ಇರುತ್ತದೆ. ರೂಟ್ ಹಾಕಿ ಇವನ್ನು ಸರಿಪಡಿಸಲು ಆಗುವುದಿಲ್ಲ.

ಹಂತ 5: ಎಂಟು ರೂಟ್‌ಗಳು

ಸ್ಟ್ಯಾಟಿಕ್ ರೂಟ್‌ನಲ್ಲಿ ಹೇಳುವುದು ಎರಡೇ ವಿಷಯ: ಯಾವ ನೆಟ್‌ವರ್ಕ್, ಅದಕ್ಕೆ ಮುಂದಿನ ಕೈ ಯಾವುದು. ಆ ಮುಂದಿನ ಕೈಯೇ ನೆಕ್ಸ್ಟ್ ಹಾಪ್. ಅದು ಯಾವಾಗಲೂ ನಿಮ್ಮ ರೂಟರ್‌ಗೆ ನೇರವಾಗಿ ಅಂಟಿಕೊಂಡ ನೆಟ್‌ವರ್ಕ್‌ನ ವಿಳಾಸವಾಗಿರಬೇಕು. ಹೊಸಬರು ಎ ರೂಟರ್‌ನಲ್ಲಿ 30ರ ಲ್ಯಾನ್‌ಗೆ ನೆಕ್ಸ್ಟ್ ಹಾಪ್ 10.0.0.6 ಎಂದು ಹಾಕುತ್ತಾರೆ, ‘ಸಿ ತಾನೇ ಅದರ ಮಾಲೀಕ’ ಎಂದು. ಎಗೆ ಸಿ ಕಾಣುವುದೇ ಇಲ್ಲ, ಬಿ ಮಾತ್ರ ಕಾಣುತ್ತದೆ. ಲಿನಕ್ಸ್ ಇಂಥದ್ದನ್ನು ಎರರ್ ಕೊಟ್ಟು ಅಲ್ಲೇ ನಿರಾಕರಿಸುತ್ತದೆ. ಸಿಸ್ಕೋ ಕಮಾಂಡನ್ನು ಒಪ್ಪಿಕೊಂಡು, 10.0.0.6ಗೆ ಹೋಗುವ ದಾರಿ ಸಿಗುವವರೆಗೆ ಟೇಬಲ್‌ಗೆ ಮಾತ್ರ ಸೇರಿಸುವುದಿಲ್ಲ. ಆದ್ದರಿಂದ ಕಾನ್ಫಿಗರೇಶನ್ ನೋಡಿ ಸಮಾಧಾನಪಡಬೇಡಿ, ಟೇಬಲ್ ನೋಡಿ.

ರೂಟರ್-ಎಯಲ್ಲಿ ಮೂರು:
- 192.168.20.0/24, ನೆಕ್ಸ್ಟ್ ಹಾಪ್ 10.0.0.2
- 192.168.30.0/24, ನೆಕ್ಸ್ಟ್ ಹಾಪ್ 10.0.0.2
- 10.0.0.4/30, ನೆಕ್ಸ್ಟ್ ಹಾಪ್ 10.0.0.2

ರೂಟರ್-ಬಿಯಲ್ಲಿ ಎರಡು:
- 192.168.10.0/24, ನೆಕ್ಸ್ಟ್ ಹಾಪ್ 10.0.0.1
- 192.168.30.0/24, ನೆಕ್ಸ್ಟ್ ಹಾಪ್ 10.0.0.6

ರೂಟರ್-ಸಿಯಲ್ಲಿ ಮೂರು:
- 192.168.10.0/24, ನೆಕ್ಸ್ಟ್ ಹಾಪ್ 10.0.0.5
- 192.168.20.0/24, ನೆಕ್ಸ್ಟ್ ಹಾಪ್ 10.0.0.5
- 10.0.0.0/30, ನೆಕ್ಸ್ಟ್ ಹಾಪ್ 10.0.0.5

ಲಿನಕ್ಸ್‌ನಲ್ಲಿ ಬರೆಯುವ ರೀತಿ ‘ಐಪಿ ರೂಟ್ ಆಡ್ 192.168.30.0/24 ವಯಾ 10.0.0.2’. ಸಿಸ್ಕೋದಲ್ಲಿ ‘ಐಪಿ ರೂಟ್ 192.168.30.0 255.255.255.0 10.0.0.2’. ನೆಟ್‌ವರ್ಕ್ ವಿಳಾಸದ ಜಾಗದಲ್ಲಿ ಕಂಪ್ಯೂಟರ್‌ನ ವಿಳಾಸ ಹಾಕಿ 192.168.30.50/24 ಎಂದು ಬರೆದರೆ ಎರಡೂ ಒಪ್ಪುವುದಿಲ್ಲ.

ಸಿಸ್ಕೋದಲ್ಲಿ ನೆಕ್ಸ್ಟ್ ಹಾಪ್ ಬದಲು ಬರೀ ಈಥರ್ನೆಟ್ ಇಂಟರ್‌ಫೇಸ್ ಹೆಸರು ಕೊಡುವ ಅಭ್ಯಾಸ ಕೆಲವರಿಗಿದೆ. ಆಗ ರೂಟರ್ ಪ್ರತಿಯೊಂದು ದೂರದ ವಿಳಾಸಕ್ಕೂ ಎಆರ್‌ಪಿ ಕೂಗಬೇಕಾಗುತ್ತದೆ. ಆ ಕಡೆಯ ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ (ಬೇರೆಯವರ ಪರವಾಗಿ ತಾನೇ ಓಗೊಡುವುದು) ಇದ್ದರೆ ನಡೆಯುತ್ತದೆ, ಯಾರಾದರೂ ಅದನ್ನು ಆಫ್ ಮಾಡಿದ ದಿನ ನಿಲ್ಲುತ್ತದೆ. ವಿಳಾಸವನ್ನೇ ಕೊಡಿ.

ಎಂಟು ಸಾಲು ಏಕೆ, ಎ ಮತ್ತು ಸಿಯಲ್ಲಿ ಒಂದೊಂದು ಡಿಫಾಲ್ಟ್ ರೂಟ್, ಅಂದರೆ 0.0.0.0/0 (ಬೇರೆ ಯಾವ ಸಾಲೂ ಹೊಂದದ್ದಕ್ಕೆಲ್ಲ ಇದೇ ದಾರಿ), ಬಿ ಕಡೆಗೆ ಹಾಕಿದರೆ ಸಾಲದೇ? ಸಾಕು. ತುದಿಯ ರೂಟರ್‌ಗಳಿಗೆ ಅದೇ ಸುಲಭ. ಆದರೆ ಬಿಯಲ್ಲೂ ಡಿಫಾಲ್ಟ್ ಹಾಕಿ ಅದನ್ನು ಎ ಕಡೆಗೆ ತಿರುಗಿಸಿದರೆ ಲೂಪ್ ಸಿದ್ಧ. ಎಲ್ಲೂ ಇಲ್ಲದ 192.168.40.1ಗೆ ಹೊರಟ ಪ್ಯಾಕೆಟ್ ಎಯಿಂದ ಬಿಗೆ, ಬಿಯಿಂದ ಎಗೆ ಟಿಟಿಎಲ್ (ಪ್ರತಿ ರೂಟರ್‌ನಲ್ಲೂ ಒಂದೊಂದು ಇಳಿಯುವ ಎಣಿಕೆ) ಸೊನ್ನೆಯಾಗುವವರೆಗೆ ಓಡಾಡುತ್ತದೆ.

ಒಂದಕ್ಕಿಂತ ಹೆಚ್ಚು ರೂಟ್ ಹೊಂದಿದರೆ ಯಾವುದು ಗೆಲ್ಲುತ್ತದೆ

ಇಲ್ಲಿ ಗೊಂದಲ ಬಹಳ, ಅದಕ್ಕೇ ಬಿಡಿಸಿ ಹೇಳುತ್ತೇವೆ. ಟೇಬಲ್‌ನಲ್ಲಿ 0.0.0.0/0, 192.168.0.0/16, 192.168.30.0/24 ಮೂರೂ ಇವೆ ಎನ್ನಿ. 192.168.30.50ಗೆ ಮೂರೂ ಹೊಂದುತ್ತವೆ. ಗೆಲ್ಲುವುದು /24, ಏಕೆಂದರೆ ಅದರ ಪ್ರಿಫಿಕ್ಸ್ (ಓರೆಗೆರೆಯ ನಂತರದ ಸಂಖ್ಯೆ ತಿಳಿಸುವ ನೆಟ್‌ವರ್ಕ್ ಭಾಗ) ಎಲ್ಲಕ್ಕಿಂತ ಉದ್ದ. /16ರ ಮೆಟ್ರಿಕ್ (ದಾರಿಯ ಬೆಲೆ, ಕಡಿಮೆ ಇದ್ದಷ್ಟೂ ಮೇಲು) 1, /24ರದ್ದು 500 ಇದ್ದರೂ /24ದೇ ಗೆಲುವು. ಮೆಟ್ರಿಕ್ ಕಡಿಮೆ ಮಾಡಿ /16ನ್ನು ಗೆಲ್ಲಿಸಲು ಹೊರಟವರು ದಿನವಿಡೀ ಒದ್ದಾಡಿದರೂ ಆಗುವುದಿಲ್ಲ.

ಒಂದೇ ಪ್ರಿಫಿಕ್ಸ್‌ಗೆ ಎರಡು ಮೂಲಗಳಿಂದ ರೂಟ್ ಬಂದಾಗ ಸಿಸ್ಕೋ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಆ ಮೂಲವನ್ನು ಎಷ್ಟು ನಂಬಬೇಕೆಂಬ ಅಂಕ) ನೋಡುತ್ತದೆ: ನೇರ ಸಂಪರ್ಕಕ್ಕೆ 0, ಸ್ಟ್ಯಾಟಿಕ್‌ಗೆ 1, ರೂಟರ್‌ಗಳು ತಾವೇ ದಾರಿಗಳನ್ನು ಹಂಚಿಕೊಳ್ಳುವ ಪ್ರೋಟೊಕಾಲ್‌ಗಳಾದ ಓಎಸ್‌ಪಿಎಫ್‌ಗೆ 110, ಆರ್‌ಐಪಿಗೆ 120. ಕಡಿಮೆ ಇದ್ದದ್ದು ಟೇಬಲ್‌ಗೆ ಸೇರುತ್ತದೆ. ಮೂಲವೂ ಒಂದೇ ಆದಾಗ ಮಾತ್ರ ಮೆಟ್ರಿಕ್‌ನ ಸರದಿ.

ಹಂತ 6: ಕಂಪ್ಯೂಟರ್‌ಗಳ ಗೇಟ್‌ವೇ

ಪ್ರತಿ ಕಂಪ್ಯೂಟರ್‌ನ ಡಿಫಾಲ್ಟ್ ಗೇಟ್‌ವೇ ಅದೇ ಲ್ಯಾನ್‌ನ ರೂಟರ್ ಆಗಿದ್ದರೆ ಕೆಲಸ ಸಲೀಸು. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಕಂಪ್ಯೂಟರ್‌ನಲ್ಲಿ ಎರಡಕ್ಕೂ ಗೇಟ್‌ವೇ ತುಂಬಬೇಡಿ, ಒಂದಕ್ಕೆ ಸಾಕು.

ತೊಡಕಾಗುವುದು ಲ್ಯಾನ್‌ನಲ್ಲಿ ಇಂಟರ್ನೆಟ್ ರೂಟರ್ ಬೇರೆ ಇದ್ದಾಗ. ಎ ಲ್ಯಾನ್‌ನಲ್ಲಿ ಗೇಟ್‌ವೇ 192.168.10.254, ನಮ್ಮ ರೂಟರ್-ಎ 192.168.10.1 ಎನ್ನಿ. 254ರಲ್ಲಿ ‘30ರ ಲ್ಯಾನ್‌ಗೆ 10.1 ಕಡೆ ಹೋಗು’ ಎಂಬ ರೂಟ್ ಹಾಕುತ್ತೀರಿ. ಪಿಂಗ್ ಆಗುತ್ತದೆ, ಖುಷಿಯೂ ಆಗುತ್ತದೆ. ಆದರೆ ವೆಬ್ ಪುಟ ತೆರೆಯುವುದಿಲ್ಲ, ಎಸ್‌ಎಸ್‌ಎಚ್ ನೇತಾಡುತ್ತದೆ. ಹೋಗುವ ಪ್ಯಾಕೆಟ್ 254ರ ಮೂಲಕ ಹೋಗುತ್ತದೆ, ಉತ್ತರ ರೂಟರ್-ಎಯಿಂದ ನೇರವಾಗಿ ಕಂಪ್ಯೂಟರ್‌ಗೆ ಬಂದುಬಿಡುತ್ತದೆ. 254ರಲ್ಲಿ ಸ್ಟೇಟ್‌ಫುಲ್ ಫೈರ್‌ವಾಲ್ (ಪ್ರತಿ ಸಂಪರ್ಕದ ಎರಡೂ ಕಡೆಯ ಮಾತನ್ನು ಗಮನಿಸುವಂಥದ್ದು) ಇದ್ದರೆ ಅದಕ್ಕೆ ಟಿಸಿಪಿ ಮಾತುಕತೆಯ ಅರ್ಧ ಮಾತ್ರ ಕೇಳಿಸುತ್ತದೆ, ಅನುಮಾನಪಟ್ಟು ತಡೆಯುತ್ತದೆ. ಪರಿಹಾರ ಎರಡು: ಕಂಪ್ಯೂಟರ್‌ಗಳಲ್ಲೇ ರೂಟ್ ಹಾಕುವುದು, ಇಲ್ಲವೇ ರೂಟರ್-ಎಯನ್ನು 254ರ ಬೇರೊಂದು ಪೋರ್ಟ್‌ನಲ್ಲಿ ಪ್ರತ್ಯೇಕ ಸಬ್‌ನೆಟ್‌ಗೆ ಸರಿಸುವುದು. ಕಂಪ್ಯೂಟರ್‌ಗಳು ಹೆಚ್ಚಿದ್ದರೆ ಎರಡನೆಯದೇ ಮೇಲು.

ಹಂತ 7: ಹತ್ತಿರದಿಂದ ದೂರಕ್ಕೆ ಪರೀಕ್ಷೆ

192.168.10.50ರಲ್ಲಿ ಕೂತು ಈ ಕ್ರಮದಲ್ಲೇ ಪಿಂಗ್ ಮಾಡಿ: 192.168.10.1, 10.0.0.1, 10.0.0.2, 10.0.0.6, 192.168.30.1, ಕೊನೆಗೆ 192.168.30.50. ಎಲ್ಲಿ ಮೊದಲು ನಿಂತಿತೋ ಅಲ್ಲಿಯೇ, ಅಥವಾ ಅಲ್ಲಿಂದ ಮರಳುವ ದಾರಿಯಲ್ಲಿ ತಪ್ಪಿದೆ.

ಸರಿಹೋದ ಪಿಂಗ್‌ನಲ್ಲೂ ಓದುವುದಕ್ಕೆ ಒಂದು ಸಂಖ್ಯೆ ಇದೆ. ಲಿನಕ್ಸ್ ಯಂತ್ರ ಉತ್ತರವನ್ನು ಟಿಟಿಎಲ್ 64ರಿಂದ, ವಿಂಡೋಸ್ 128ರಿಂದ ಹೊರಡಿಸುತ್ತದೆ. ಪ್ರತಿ ರೂಟರ್ ಒಂದೊಂದು ಕಳೆಯುತ್ತದೆ. ಮೂರು ರೂಟರ್ ದಾಟಿ ಬಂದರೆ 61 ಅಥವಾ 125 ಕಾಣಬೇಕು. 60 ಕಂಡರೆ ಉತ್ತರ ನಿಮಗೆ ಗೊತ್ತಿಲ್ಲದ ಇನ್ನೊಂದು ರೂಟರ್ ಸುತ್ತಿಬಂದಿದೆ. ದಾರಿಯುದ್ದಕ್ಕೂ ಐಪಿ ವಿಳಾಸಗಳು ಬದಲಾಗುವುದಿಲ್ಲ, ಮ್ಯಾಕ್ ವಿಳಾಸಗಳು ಮಾತ್ರ ಪ್ರತಿ ತಂತಿಯಲ್ಲೂ ಹೊಸವು. ನಡುವೆ ಐಪಿಯೂ ಬದಲಾಗಿದ್ದರೆ ಎಲ್ಲೋ ನ್ಯಾಟ್ ಉಳಿದಿದೆ ಎಂದರ್ಥ.

ವಿಫಲವಾದಾಗ ಸಂದೇಶ ಏನು ಎಂಬುದಕ್ಕಿಂತ ಅದನ್ನು ಕಳಿಸಿದವರು ಯಾರು ಎಂದು ಮೊದಲು ನೋಡಿ.

- ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ನಿಮ್ಮದೇ ವಿಳಾಸದಿಂದ ಬಂದರೆ ಗೇಟ್‌ವೇಯೇ ಸಿಗುತ್ತಿಲ್ಲ, ಅಥವಾ ಮಾಸ್ಕ್ ತಪ್ಪಾಗಿದೆ.
- ಅದೇ ಸಂದೇಶ ಕೊನೆಯ ರೂಟರ್‌ನಿಂದ ಬಂದರೆ ರೂಟಿಂಗ್ ಸರಿಯಿದೆ, ಆ ಕಂಪ್ಯೂಟರ್ ಆಫ್ ಇದೆ ಅಥವಾ ವಿಳಾಸ ಬೇರೆ.
- ‘ನೆಟ್ ಅನ್‌ರೀಚಬಲ್’ ಎಂದು ನಡುವಿನ ರೂಟರ್ ಹೇಳಿದರೆ ಅದರ ಟೇಬಲ್‌ನಲ್ಲಿ ಆ ಸಾಲು ಇಲ್ಲ.
- ‘ಟಿಟಿಎಲ್ ಎಕ್ಸ್‌ಪೈರ್ಡ್’ ಎಂದರೆ ಲೂಪ್. ಟ್ರೇಸ್‌ರೂಟ್‌ನಲ್ಲಿ ಎರಡೇ ರೂಟರ್‌ಗಳು ಸರದಿಯಂತೆ ಮತ್ತೆ ಮತ್ತೆ ಕಾಣುತ್ತವೆ.
- ಬರೀ ‘ಟೈಮ್ಡ್ ಔಟ್’, ಯಾರೂ ಏನೂ ಹೇಳುವುದಿಲ್ಲ: ಮರಳುವ ದಾರಿ ಇಲ್ಲ, ಇಲ್ಲವೇ ಫೈರ್‌ವಾಲ್.

ಕೊನೆಯ ಸಾಲಿನ ಈ ಎರಡು ಸಾಧ್ಯತೆಗಳನ್ನು ಬೇರ್ಪಡಿಸಲು ಟಿಸಿಪಿಡಂಪ್ ಬೇಕು. ಆ ತುದಿಯ 192.168.30.50ರಲ್ಲಿ ಐಸಿಎಂಪಿ (ಪಿಂಗ್ ಬಳಸುವ ಪ್ರೋಟೊಕಾಲ್) ಫಿಲ್ಟರ್ ಹಾಕಿ ನೋಡಿ. ರಿಕ್ವೆಸ್ಟ್ ಬರುತ್ತಿದೆ, ರಿಪ್ಲೈ ಹೊರಡುತ್ತಲೇ ಇಲ್ಲ ಎಂದರೆ ಆ ಕಂಪ್ಯೂಟರ್‌ನ ಫೈರ್‌ವಾಲ್. ಬೇರೆ ಸಬ್‌ನೆಟ್‌ನಿಂದ ಬಂದ ಪಿಂಗನ್ನು ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಬಿಡುವುದಿಲ್ಲ. ರಿಪ್ಲೈಯೂ ಹೊರಡುತ್ತಿದೆ, ನಿಮಗೆ ತಲುಪುತ್ತಿಲ್ಲ ಎಂದರೆ ಸಿ, ಬಿ, ಎ ಎಂಬ ಕ್ರಮದಲ್ಲಿ ಹಿಂದಕ್ಕೆ ಬನ್ನಿ. ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನಷ್ಟೇ ಎಂಬುದು ನೆನಪಿರಲಿ. ಮರಳುವ ದಾರಿ ನೋಡಬೇಕಾದರೆ ಆ ತುದಿಯಿಂದಲೂ ಒಂದು ಟ್ರೇಸ್ ಮಾಡಬೇಕು. ನಡುವೆ ಒಂದು ಸಾಲಿನಲ್ಲಿ ನಕ್ಷತ್ರಗಳು ಬಂದು ಮುಂದಿನ ಸಾಲುಗಳು ಸರಿಯಾಗಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಆ ರೂಟರ್ ಉತ್ತರ ಕೊಡುವುದನ್ನು ಆಫ್ ಮಾಡಿದ್ದಾರೆ ಅಷ್ಟೇ.

ಈಗ ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ. ಕಂಪ್ಯೂಟರ್‌ನಿಂದ 192.168.30.50ಗೆ ಪಿಂಗ್ ಆಗುತ್ತದೆ, ರೂಟರ್-ಎಯಿಂದಲೇ ಮಾಡಿದರೆ ಆಗುವುದಿಲ್ಲ! ರೂಟರ್ ತಾನೇ ಪಿಂಗ್ ಮಾಡುವಾಗ ಹೊರಡುವ ಇಂಟರ್‌ಫೇಸ್‌ನ ವಿಳಾಸ, ಅಂದರೆ 10.0.0.1, ಮೂಲವಿಳಾಸವಾಗುತ್ತದೆ. ಸಿಯಲ್ಲಿ 10.0.0.0/30ಗೆ ರೂಟ್ ಹಾಕಿಲ್ಲದಿದ್ದರೆ ಉತ್ತರ ಅಲ್ಲೇ ಸಾಯುತ್ತದೆ. ಎಂಟರ ಪಟ್ಟಿಯಲ್ಲಿ ‘ಲಿಂಕ್‌ಗೆ ಯಾಕೆ ರೂಟ್’ ಎಂದು ಬಿಟ್ಟವರಿಗೆ ಇಲ್ಲಿ ತಿಳಿಯುತ್ತದೆ. ಅನುಮಾನವಿದ್ದರೆ ಮೂಲವಿಳಾಸ 192.168.10.1 ಎಂದು ಸ್ಪಷ್ಟವಾಗಿ ಕೊಟ್ಟು ಮತ್ತೊಮ್ಮೆ ಪಿಂಗ್ ಮಾಡಿ. ಹೋದರೆ ಕಾರಣ ಇದೇ.

ಇನ್ನೆರಡು ಎಚ್ಚರಿಕೆಯ ಚಿಹ್ನೆಗಳು

ಎಯಿಂದ ಸಿಗೆ ಸಂಪರ್ಕ ಶುರುವಾಗುತ್ತದೆ, ಸಿಯಿಂದ ಎಗೆ ಆಗುವುದಿಲ್ಲ: ಎ ಕಡೆ ನ್ಯಾಟ್ ಅಥವಾ ಫೈರ್‌ವಾಲ್ ನೋಡಿ.

ಪಿಂಗ್ ಚೆನ್ನಾಗಿದೆ, ದೊಡ್ಡ ಫೈಲ್ ಮಾತ್ರ ನಡುವೆ ನಿಲ್ಲುತ್ತದೆ: ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಅನುಮಾನಿಸಿ, ಅದರಲ್ಲೂ ನಡುವೆ ವಿಪಿಎನ್ ಟನಲ್ ಇದ್ದರೆ. ‘ತುಂಡು ಮಾಡಬೇಡ’ ಎಂಬ ಗುರುತಿನೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ. ಹೆಡರ್‌ಗಳ 28 ಸೇರಿ 1500 ಆಗುತ್ತದೆ. ಅದು ಹೋಗದಿದ್ದರೆ ಗಾತ್ರ ಇಳಿಸುತ್ತಾ ಬನ್ನಿ. ಹೋದ ಗಾತ್ರಕ್ಕೆ 28 ಸೇರಿಸಿದರೆ ಆ ದಾರಿಯ ಎಂಟಿಯು ಸಿಗುತ್ತದೆ.

ಹಂತ 8: ಉಳಿಸಿ, ರೀಬೂಟ್ ಮಾಡಿ, ಮತ್ತೆ ನೋಡಿ

ಲಿನಕ್ಸ್‌ನ ‘ಐಪಿ ರೂಟ್ ಆಡ್’ ರೀಬೂಟ್‌ಗೆ ಅಳಿದುಹೋಗುತ್ತದೆ. ನೆಟ್‌ಪ್ಲಾನ್ ಅಥವಾ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಬರೆದಿಡಿ, ಫಾರ್ವರ್ಡಿಂಗ್ ಬೆಲೆಯನ್ನೂ ಸಿಸ್‌ಸಿಟಿಎಲ್ ಫೈಲಿಗೆ ಸೇರಿಸಿ. ವಿಂಡೋಸ್‌ನ ‘ರೂಟ್ ಆಡ್’ಗೆ ಮೈನಸ್ ಪಿ ಆಯ್ಕೆ ಬೇಕು. ಸಿಸ್ಕೋದಲ್ಲಿ ರನ್ನಿಂಗ್ ಕಾನ್ಫಿಗನ್ನು ಸ್ಟಾರ್ಟಪ್‌ಗೆ ಕಾಪಿ ಮಾಡಿ. ಆಮೇಲೆ ನಿಮ್ಮ ಬಿಡುವಿನ ಹೊತ್ತಿನಲ್ಲೇ ಒಂದೊಂದನ್ನೂ ರೀಬೂಟ್ ಮಾಡಿ ನೋಡಿ. ಇಲ್ಲದಿದ್ದರೆ ತಿಂಗಳುಗಳ ನಂತರ ವಿದ್ಯುತ್ ಹೋಗಿ ಬಂದ ದಿನ, ಯಾರೂ ಏನೂ ಮುಟ್ಟದೆ ನೆಟ್‌ವರ್ಕ್ ‘ತಾನಾಗಿ’ ಕೆಟ್ಟಿರುತ್ತದೆ.

ಹಂತ 9: ಸ್ಟ್ಯಾಟಿಕ್ ಸಾಕಾಗದಾಗ

ಮೂರು ರೂಟರ್‌ಗೆ ಎಂಟು ಸಾಲು ಹಾಕಬಹುದು. ಹತ್ತು ರೂಟರ್‌ಗಳಾಗಿ, ಎರಡೆರಡು ದಾರಿಗಳೂ ಬಂದರೆ ಓಎಸ್‌ಪಿಎಫ್‌ಗೆ ಹೋಗಿ. ಆರ್‌ಐಪಿ 15 ಹಾಪ್‌ಗೆ ಮುಗಿಯುತ್ತದೆ, 16 ಎಂದರೆ ಅದರ ಪಾಲಿಗೆ ತಲುಪಲಾಗದ್ದು. ಈಗ ಹೊಸದಾಗಿ ಅದನ್ನು ಹಾಕಲು ಕಾರಣ ಕಾಣುವುದಿಲ್ಲ. ಓಎಸ್‌ಪಿಎಫ್‌ನಲ್ಲಿ ನೆರೆಯ ರೂಟರ್ ಜತೆ ನಂಟು ಕೂಡದಿದ್ದರೆ ನಾಲ್ಕನ್ನು ಹೋಲಿಸಿ: ಏರಿಯಾ ಸಂಖ್ಯೆ, ಸಬ್‌ನೆಟ್ ಮಾಸ್ಕ್, ಹೆಲೋ ಮತ್ತು ಡೆಡ್ ಟೈಮರ್ (ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 10 ಮತ್ತು 40 ಸೆಕೆಂಡು), ಎಂಟಿಯು. ನಂಟು ಕೂಡುವ ನಡುವಿನ ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಮೊದಲ ಅನುಮಾನ ಎಂಟಿಯು ಮೇಲೆಯೇ.

ಬದಲಾಯಿಸುವಾಗ ಹಳೆಯ ಸ್ಟ್ಯಾಟಿಕ್ ಸಾಲುಗಳನ್ನು ಬಿಟ್ಟುಬಿಡುವುದು ಇಲ್ಲಿನ ಸಾಮಾನ್ಯ ತಪ್ಪು. 1 ಮತ್ತು 110ರ ಹೋಲಿಕೆಯಲ್ಲಿ ಸ್ಟ್ಯಾಟಿಕ್ಕೇ ಗೆಲ್ಲುವುದರಿಂದ ಓಎಸ್‌ಪಿಎಫ್ ಓಡುತ್ತಿದ್ದರೂ ಪ್ಯಾಕೆಟ್‌ಗಳು ಹಳೆಯ ದಾರಿಯನ್ನೇ ಹಿಡಿಯುತ್ತವೆ. ಒಂದು ಸಾಲು ತೆಗೆಯಿರಿ, ಟೇಬಲ್‌ನಲ್ಲಿ ಆ ನೆಟ್‌ವರ್ಕ್‌ನ ಮುಂದಿನ ಅಕ್ಷರ ‘ಎಸ್’ ಹೋಗಿ ‘ಓ’ ಆಯಿತೇ ನೋಡಿ, ಎರಡೂ ತುದಿಯಿಂದ ಪಿಂಗ್ ಮಾಡಿ, ಆಮೇಲೆ ಮುಂದಿನ ಸಾಲಿಗೆ ಕೈಹಾಕಿ.